ಐವರು ಕದ್ದರು, ಒಬ್ಬ ಕಳ್ಳನಾದ: ಗೋದಾಮೊಂದರ ಪ್ರಕರಣ ಅಧ್ಯಯನ

ಜನರು ಅಪರಾಧವನ್ನು ಏಕೆ ಮಾಡುತ್ತಾರೆ ಎಂಬ ಪ್ರಶ್ನೆಗೆ ಸಮಾಜಶಾಸ್ತ್ರ ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಹಲವು ಉತ್ತರಗಳನ್ನು ಕೊಟ್ಟಿದೆ. ಪಠ್ಯಗಳಲ್ಲಿ ಈ ಉತ್ತರಗಳು ಒಂದಕ್ಕೊಂದು ಎದುರಾಳಿಗಳಂತೆ ನಿಲ್ಲುತ್ತವೆ, ಪರೀಕ್ಷೆಗೆ ಓದುವವರು ಯಾವುದು ಸರಿ ಎಂದು ಆರಿಸಲು ಹೊರಡುತ್ತಾರೆ. ಇಲ್ಲಿ ದಾಖಲಿಸಿರುವ ಪ್ರಕರಣವನ್ನು ಹತ್ತಿರದಿಂದ ನೋಡಿದಾಗ ನನಗೆ ಕಂಡದ್ದು ಬೇರೆ. ಒಬ್ಬನೇ ವ್ಯಕ್ತಿಯ ಬದುಕಿನಲ್ಲಿ ಮೊದಲ ಕಳವಿಗೆ ಒಂದು ಕಾರಣವಿತ್ತು, ಅದು ಮುಂದುವರಿದದ್ದಕ್ಕೆ ಮತ್ತೊಂದು, ಅವನೊಬ್ಬನೇ ಆರೋಪಿಯಾದದ್ದಕ್ಕೆ ಇನ್ನೊಂದು, ಕೊನೆಗೆ ಅದರಿಂದ ಹೊರಬಂದದ್ದಕ್ಕೆ ಬೇರೆಯದೇ ಕಾರಣ. ಒಂದು ಹಂತದ ಕಾರಣವನ್ನು ಹಿಡಿದುಕೊಂಡು ಇನ್ನೊಂದು ಹಂತಕ್ಕೆ ಮದ್ದು ಹಾಕಿದಾಗಲೆಲ್ಲ ಪರಿಸ್ಥಿತಿ ಕೆಟ್ಟಿತು. ಗುರುತು ಸಿಗದಿರಲೆಂದು ವ್ಯಕ್ತಿಗಳ, ಸಂಸ್ಥೆಯ ಮತ್ತು ಸ್ಥಳದ ವಿವರಗಳನ್ನು ಬದಲಿಸಲಾಗಿದೆ ಅಥವಾ ಕೈಬಿಡಲಾಗಿದೆ.

ಹಿನ್ನೆಲೆ

ರಾತ್ರಿಪಾಳಿಯಲ್ಲಿ ಪಾರ್ಸೆಲ್‌ಗಳನ್ನು ವಿಂಗಡಿಸುವ ದೊಡ್ಡ ಗೋದಾಮು ಅದು. ಲಾರಿಗಳಿಂದ ಇಳಿದ ಪೆಟ್ಟಿಗೆಗಳು ಬೆಲ್ಟಿನ ಮೇಲೆ ಸಾಗುತ್ತವೆ. ಎರಡೂ ಬದಿಯಲ್ಲಿ ನಿಂತವರು ವಿಳಾಸ ನೋಡಿ ಬೇರೆ ಬೇರೆ ಚೀಲಗಳಿಗೆ ಹಾಕುತ್ತಾರೆ. ಕೆಲಸಗಾರರಲ್ಲಿ ಹೆಚ್ಚಿನವರು ಗುತ್ತಿಗೆದಾರನ ಮೂಲಕ ಬಂದವರು. ಗಂಟೆಗೆ ಇಂತಿಷ್ಟು ಪೆಟ್ಟಿಗೆ ಎಂಬ ಗುರಿಯಿತ್ತು, ಗುರಿ ತಪ್ಪಿದರೆ ಅದೇ ರಾತ್ರಿ ಹೆಸರು ಫಲಕದ ಮೇಲೆ ಬರುತ್ತಿತ್ತು.

ನಮ್ಮ ಪ್ರಕರಣದ ಕೇಂದ್ರದಲ್ಲಿರುವ ಯುವಕ ಡಿಪ್ಲೊಮಾ ಮುಗಿಸಿ ಸೇರಿದವನು. ಒಂದು ವರ್ಷ ಗುರಿ ತಪ್ಪದೆ ದುಡಿದರೆ ಕಾಯಂ ಆಗುತ್ತದೆ, ಮುಂದೆ ಮೇಲ್ವಿಚಾರಕನೂ ಆಗಬಹುದು ಎಂದು ಸೇರುವಾಗ ಹೇಳಿದ್ದರು. ವರ್ಷ ಮುಗಿದಾಗ ಸಿಕ್ಕಿದ್ದು ಅದೇ ಗುತ್ತಿಗೆಯ ನವೀಕರಣ. ಈ ನಡುವೆ ತಂಗಿಯ ಕಾಲೇಜು ಶುಲ್ಕಕ್ಕಾಗಿ ಅವನು ಹೆಚ್ಚು ಬಡ್ಡಿಯ ಸಾಲ ಮಾಡಿದ್ದ, ಮನೆಯಲ್ಲಿ ಅದನ್ನು ಉಳಿತಾಯದ ಹಣವೆಂದು ಹೇಳಿದ್ದ.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1938ರಲ್ಲಿ ಮಂಡಿಸಿದ ಒತ್ತಡ ಸಿದ್ಧಾಂತಕ್ಕೆ ಇದು ಹೇಳಿ ಮಾಡಿಸಿದಂತಿದೆ. ಸಮಾಜ ಎಲ್ಲರ ಮುಂದೆಯೂ ಒಂದೇ ಗುರಿಯನ್ನು ಇಡುತ್ತದೆ, ಅದನ್ನು ತಲುಪುವ ನ್ಯಾಯವಾದ ದಾರಿಗಳನ್ನು ಮಾತ್ರ ಎಲ್ಲರಿಗೂ ತೆರೆಯುವುದಿಲ್ಲ. ಗುರಿಯನ್ನು ಒಪ್ಪಿ ದಾರಿಯನ್ನು ಬಿಟ್ಟವನನ್ನು ಮರ್ಟನ್ 'ನವೀನಮಾರ್ಗಿ' ಎಂದು ವರ್ಗೀಕರಿಸಿದರು. ಆದರೆ ಅದೇ ಬೆಲ್ಟಿನ ಮೇಲೆ ಅದೇ ಭರವಸೆ ಮುರಿದುಬಿದ್ದವರು ಹಲವರಿದ್ದರು, ಅವರೆಲ್ಲರೂ ಕದಿಯಲಿಲ್ಲ. ಕದ್ದವರಲ್ಲಿ ಇಬ್ಬರಿಗೆ ಯಾವ ಸಾಲವೂ ಇರಲಿಲ್ಲ. ಒತ್ತಡ ನೆಲವನ್ನು ಹದ ಮಾಡಿತ್ತು ಎನ್ನಬಹುದೇ ಹೊರತು ಅದಕ್ಕಿಂತ ಹೆಚ್ಚಿನದನ್ನು ಈ ಸಿದ್ಧಾಂತದಿಂದ ಇಲ್ಲಿ ಪಡೆಯಲಾಗದು.

ಮೊದಲ ಪೆಟ್ಟಿಗೆ

ಬೆಲ್ಟಿನಿಂದ ಬಿದ್ದು ಒಡೆದ ಮಾಲನ್ನು ಗೋದಾಮಿನ ಮೂಲೆಯ ಜಾಲರಿ ಕೋಣೆಗೆ ಹಾಕಿ, ಡ್ಯಾಮೇಜ್ ಪುಸ್ತಕದಲ್ಲಿ ಬರೆದು, ವಿಮೆಗೆ ಕಳುಹಿಸುವ ಪದ್ಧತಿಯಿತ್ತು. ಈ ಕೋಣೆಯಿಂದ ಸಣ್ಣಪುಟ್ಟ ವಸ್ತುಗಳು ಕೆಲಸಗಾರರ ಮನೆ ಸೇರುವುದು ಯುವಕ ಬರುವುದಕ್ಕಿಂತ ಬಹಳ ಹಿಂದಿನಿಂದಲೂ ನಡೆದುಬಂದಿತ್ತು. ಪಾಳಿಯ ಮೇಲ್ವಿಚಾರಕನಿಗೆ ಅದು ಗೊತ್ತಿತ್ತು. ಹೆಚ್ಚುವರಿ ದುಡಿಮೆಗೆ ಕೂಲಿ ಕೊಡಿಸಲಾಗದ ಆತ, ಗುರಿ ಮುಟ್ಟಿಸಿದ ತಂಡದ ಈ ಸಣ್ಣ ಲಾಭಕ್ಕೆ ಕಣ್ಣು ಮುಚ್ಚಿಕೊಂಡಿದ್ದ. ಕಾರ್ಖಾನೆ ಮತ್ತು ಅಂಗಡಿಗಳಲ್ಲಿ ಇಂಥ ಅನಧಿಕೃತ ಬಹುಮಾನಗಳು ಆಡಳಿತದ ಭಾಗವಾಗಿಯೇ ಕೆಲಸ ಮಾಡುತ್ತವೆ ಎಂದು ಮೆಲ್ವಿಲ್ ಡಾಲ್ಟನ್ 1959ರಲ್ಲೇ ತೋರಿಸಿದ್ದರು. ಇಲ್ಲಿ ನಡೆದದ್ದೂ ಅದೇ.

ಯುವಕ ಸೇರಿ ಕೆಲವು ತಿಂಗಳಾದ ಮೇಲೆ ಒಂದು ರಾತ್ರಿ ತನ್ನ ಲಾಕರಿನಲ್ಲಿ ಇಯರ್‌ಫೋನಿನ ಡಬ್ಬಿಯೊಂದನ್ನು ಕಂಡ. ಇಟ್ಟವನು ಪಕ್ಕದಲ್ಲಿ ನಿಂತು ಕೆಲಸ ಕಲಿಸಿದ್ದ ಹಿರಿಯ ಕೆಲಸಗಾರ.

"ಇದು ನಂದಲ್ಲ ಅಣ್ಣಾ," ಎಂದನಂತೆ.

"ಯಾರದ್ದೂ ಅಲ್ಲ ಅದು. ಒಡೆದ ಮಾಲು, ಇನ್ಶೂರೆನ್ಸ್ ಬರುತ್ತೆ. ಎಲ್ರೂ ತಗೊಂಡಿರುವಾಗ ನೀನೊಬ್ಬ ತಗೊಳ್ಳದೆ ಇದ್ರೆ ನಾಳೆ ನಿನ್ನ ಮೇಲೆ ಅನುಮಾನ ಬರೋದು ನಮಗೆ."

ಮೊದಲ ಕಳವಿನ ವಿವರಣೆಗೆ ಈ ಸಂಭಾಷಣೆಯಷ್ಟು ಮುಖ್ಯವಾದ ಸಾಕ್ಷ್ಯ ಇಡೀ ಪ್ರಕರಣದಲ್ಲಿ ಇನ್ನೊಂದಿಲ್ಲ. ಎಡ್ವಿನ್ ಸದರ್‌ಲ್ಯಾಂಡ್ ಅವರ ಭಿನ್ನ ಸಹವಾಸ ಸಿದ್ಧಾಂತ ಹೇಳುವುದು ಇದನ್ನೇ: ಅಪರಾಧವನ್ನು ಜನ ಆಪ್ತ ಗುಂಪುಗಳಲ್ಲಿ, ಮಾತುಕತೆಯ ಮೂಲಕ ಕಲಿಯುತ್ತಾರೆ; ಕಲಿಯುವುದು ಕೈಚಳಕವನ್ನು ಮಾತ್ರವಲ್ಲ, ಅದನ್ನು ಮಾಡಬಹುದು ಎಂಬ ಸಮರ್ಥನೆಯನ್ನೂ. ಕೈಚಳಕ ಆಮೇಲೆ ಬಂತು. ಬೆಲ್ಟಿನ ತಿರುವಿನಲ್ಲಿ ಪೆಟ್ಟಿಗೆಯನ್ನು ಓರೆಯಾಗಿ ಇಟ್ಟರೆ ಹಿಂದಿನಿಂದ ಬರುವ ಭಾರದ ಪೆಟ್ಟಿಗೆ ಅದರ ಮೂಲೆಗೆ ಬಡಿದು ಟೇಪು ಬಿಚ್ಚಿಕೊಳ್ಳುತ್ತದೆ. ನೋಡುವವರಿಗೆ ಅದು ಯಂತ್ರದ ತಪ್ಪು. ಒಳಗಿನ ವಸ್ತುವಿಗೆ ಏನೂ ಆಗಿರುವುದಿಲ್ಲ. ಸಮರ್ಥನೆ ಮಾತ್ರ ಮೊದಲ ರಾತ್ರಿಯೇ ಪೂರ್ತಿಯಾಗಿ ಕೈಗೆ ಸಿಕ್ಕಿತ್ತು.

ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜ 1957ರಲ್ಲಿ ಇಂಥ ಸಮರ್ಥನೆಗಳನ್ನು ತಟಸ್ಥೀಕರಣ ತಂತ್ರಗಳೆಂದು ಕರೆದು ಐದು ಬಗೆಯಾಗಿ ವಿಂಗಡಿಸಿದರು: ಹೊಣೆ ನನ್ನದಲ್ಲ ಎನ್ನುವುದು, ಯಾರಿಗೂ ನಷ್ಟವಿಲ್ಲ ಎನ್ನುವುದು, ನೊಂದವನು ಅದಕ್ಕೆ ಅರ್ಹನೇ ಎನ್ನುವುದು, ಖಂಡಿಸುವವರನ್ನೇ ಖಂಡಿಸುವುದು, ನನ್ನವರಿಗಾಗಿ ಮಾಡಿದೆ ಎನ್ನುವುದು. ಕಾನೂನು ಮುರಿಯುವವರು ಸಮಾಜದ ಮೌಲ್ಯಗಳನ್ನು ಪೂರ್ತಿ ತಿರಸ್ಕರಿಸಿರುವುದಿಲ್ಲ, ಅವನ್ನು ಆ ಹೊತ್ತಿಗೆ ಬದಿಗೆ ಸರಿಸಿರುತ್ತಾರೆ ಎಂಬುದು ಅವರ ಮುಖ್ಯ ವಾದ. ಹಿರಿಯನ ಒಂದೇ ಮಾತಿನಲ್ಲಿ ಎರಡನೆಯ ತಂತ್ರ ಎದ್ದು ಕಾಣುತ್ತದೆ, ಗುಂಪಿಗೆ ನಿಷ್ಠನಾಗಿರಬೇಕೆಂಬ ಬೆದರಿಕೆಯೂ ಅದರೊಳಗಿದೆ. ಯುವಕ ಮುಂದೆ ಹೇಳಿದಂತೆ, ಆ ಡಬ್ಬಿಯನ್ನು ಅವನು ತೆಗೆದುಕೊಂಡದ್ದು ಇಯರ್‌ಫೋನಿಗಾಗಿ ಅಲ್ಲ.

ಪುಸ್ತಕ ಅವನ ಕೈಗೆ ಬಂದದ್ದು

ಅಕ್ಷರ ಚೆನ್ನಾಗಿದೆ, ಲೆಕ್ಕ ತಪ್ಪುವುದಿಲ್ಲ ಎಂಬ ಕಾರಣಕ್ಕೆ ಮೇಲ್ವಿಚಾರಕ ಡ್ಯಾಮೇಜ್ ಪುಸ್ತಕವನ್ನು ಯುವಕನಿಗೇ ವಹಿಸಿದ. ಇದು ಎರಡನೆಯ ತಿರುವು, ನನ್ನ ಅಭಿಪ್ರಾಯದಲ್ಲಿ ಅತ್ಯಂತ ದೊಡ್ಡದು. ಡೊನಾಲ್ಡ್ ಕ್ರೆಸಿ ಹಣ ದುರುಪಯೋಗದ ಕೈದಿಗಳನ್ನು ಸಂದರ್ಶಿಸಿ 1953ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಂಬಿಕೆದ್ರೋಹಕ್ಕೆ ಮೂರು ಸಂಗತಿಗಳು ಕೂಡಿಬರಬೇಕು: ಯಾರೊಂದಿಗೂ ಹೇಳಿಕೊಳ್ಳಲಾಗದ ಹಣದ ತೊಂದರೆ, ನಂಬಿಕೆಯ ಸ್ಥಾನದಲ್ಲಿ ಕುಳಿತು ಅದನ್ನು ಗುಟ್ಟಾಗಿ ಪರಿಹರಿಸಬಹುದೆಂಬ ಅರಿವು, ಮತ್ತು ಹಾಗೆ ಮಾಡಿಯೂ ತಾನು ಮರ್ಯಾದಸ್ಥನೇ ಎಂದುಕೊಳ್ಳಲು ಬೇಕಾದ ಮಾತು. ಮೊದಲನೆಯದು ಅವನ ಬಳಿ ಸಾಲದ ರೂಪದಲ್ಲಿತ್ತು, ಮೂರನೆಯದನ್ನು ಗುಂಪು ಕೊಟ್ಟಿತ್ತು, ಎರಡನೆಯದನ್ನು ಆಡಳಿತವೇ ತಂದು ಕೈಗಿಟ್ಟಿತು.

ಅಲ್ಲಿಂದ ಒಡೆಯದ ಮಾಲೂ ಒಡೆದ ಮಾಲಾಗಿ ಪುಸ್ತಕ ಸೇರತೊಡಗಿತು. ಹಳೆಯ ಫೋನುಗಳ ವ್ಯಾಪಾರಿಯೊಬ್ಬ ಕೊಳ್ಳುವವನಾದ. ಗುಂಪು ಐದು ಜನರದ್ದಾಯಿತು. ಮನೆಗೊಯ್ಯುವ ಸಣ್ಣ ವಸ್ತುವಿನ ರೂಢಿ ಕ್ರಮಬದ್ಧ ಮಾರಾಟವಾದದ್ದು ಯಾವ ದಿನ ಎಂದು ಅವರಲ್ಲಿ ಯಾರಿಗೂ ಹೇಳಲಾಗಲಿಲ್ಲ.

ಆಡಳಿತ ಮಾಡಿದ್ದು

ಗ್ರಾಹಕರ ದೂರುಗಳು ಹೆಚ್ಚಿದಾಗ ಆಡಳಿತ ಮೊದಲು ಕ್ಯಾಮೆರಾ ಹಾಕಿಸಿತು, ಬಾಗಿಲಲ್ಲಿ ತಪಾಸಣೆ ಆರಂಭಿಸಿತು. ಲಾರೆನ್ಸ್ ಕೊಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಹೇಳಿದಂತೆ ಮನಸ್ಸಿದ್ದ ಅಪರಾಧಿ, ತಕ್ಕ ವಸ್ತು, ಕಾವಲಿನ ಅಭಾವ ಈ ಮೂರೂ ಒಂದೆಡೆ ಸೇರಿದಾಗ ಅಪರಾಧ ನಡೆಯುತ್ತದೆ ಎಂದಾದರೆ, ಕಾವಲನ್ನು ಬಿಗಿಗೊಳಿಸುವುದು ತರ್ಕಬದ್ಧವಾದ ಕ್ರಮವೇ. ಕೆಲವು ವಾರ ಅದು ಫಲ ಕೊಟ್ಟಿತು. ಬಳಿಕ ಕಳವು ಜಾಲರಿ ಕೋಣೆಯಿಂದ ಲಾರಿ ನಿಲ್ಲುವ ಕಟ್ಟೆಗೆ ಸರಿಯಿತು. ಇದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ತಪಾಸಣೆಯ ರೀತಿ: ಗುತ್ತಿಗೆಯವರನ್ನು ಮಾತ್ರ ಸಾಲಾಗಿ ನಿಲ್ಲಿಸಿ ಚೀಲ ಬಿಚ್ಚಿಸುತ್ತಿದ್ದರು, ಕಾಯಂ ನೌಕರರು ಪಕ್ಕದ ಬಾಗಿಲಿನಿಂದ ಹೋಗುತ್ತಿದ್ದರು. ಅಲ್ಲಿಯವರೆಗೆ ಕಳವಿನ ಬಗ್ಗೆ ಬೇಸರವಿದ್ದ ಪ್ರಾಮಾಣಿಕರೂ ಅಂದಿನಿಂದ ಬಾಯಿ ಬಿಡದಾದರು.

ನಂತರ ಪ್ರಾಮಾಣಿಕತೆಯ ಕುರಿತು ಹೊರಗಿನವರೊಬ್ಬರಿಂದ ಉಪನ್ಯಾಸ ಏರ್ಪಾಡಾಯಿತು. ಕೂಲಿಯಿಲ್ಲದ ಹೆಚ್ಚುವರಿ ಗಂಟೆಯೊಂದರಲ್ಲಿ ಆ ಉಪನ್ಯಾಸವನ್ನು ಕೇಳಿಸಲಾಯಿತು ಎಂಬುದೊಂದೇ ಸಾಕು, ಅದರ ಪರಿಣಾಮವನ್ನು ಊಹಿಸಲು. "ನಮ್ಮ ಗಂಟೆ ಕದಿಯೋರು ನಮಗೆ ಪಾಠ ಹೇಳ್ತಾರೆ" ಎಂಬ ಮಾತು ಅಂದು ರಾತ್ರಿಯಿಡೀ ಬೆಲ್ಟಿನುದ್ದಕ್ಕೂ ಓಡಾಡಿತು. ಖಂಡಿಸುವವರನ್ನು ಖಂಡಿಸುವ ತಂತ್ರಕ್ಕೆ ಬೇಕಾದ ಸರಕನ್ನು ಆಡಳಿತವೇ ಒದಗಿಸಿತ್ತು. ಅಷ್ಟಕ್ಕೂ ಆ ಮಾತು ಬರಿಯ ನೆಪವಾಗಿರಲಿಲ್ಲ. ಸದರ್‌ಲ್ಯಾಂಡ್ 1939ರಲ್ಲಿ ಬಿಳಿ ಕಾಲರ್ ಅಪರಾಧದ, ಅಂದರೆ ಮೇಲ್ಸ್ತರದವರು ತಮ್ಮ ವೃತ್ತಿಯಲ್ಲೇ ಮಾಡುವ ಅಪರಾಧದ, ಪರಿಕಲ್ಪನೆಯನ್ನು ಮುಂದಿಟ್ಟು, ಹತ್ತು ವರ್ಷಗಳ ನಂತರ ಅಮೆರಿಕದ 70 ದೊಡ್ಡ ಕಂಪನಿಗಳ ಕಾನೂನು ಉಲ್ಲಂಘನೆಗಳನ್ನು ದಾಖಲಿಸಿದಾಗ ಎತ್ತಿದ ಪ್ರಶ್ನೆ ಇಲ್ಲಿಗೂ ಅನ್ವಯಿಸುತ್ತದೆ. ಬಡತನವೇ ಅಪರಾಧದ ಮೂಲವೆಂದಾದರೆ ಉಳ್ಳವರ ಉಲ್ಲಂಘನೆಗಳಿಗೆ ಕಾರಣವೇನು, ಅವುಗಳಿಗೆ ಅಪರಾಧವೆಂಬ ಹೆಸರು ಅಷ್ಟು ಸುಲಭವಾಗಿ ಏಕೆ ಅಂಟುವುದಿಲ್ಲ? ಗುತ್ತಿಗೆದಾರನ ಲೆಕ್ಕದಲ್ಲಿ ಕಾಣೆಯಾದ ಗಂಟೆಗಳ ಬಗ್ಗೆ ಯಾವ ತನಿಖೆಯೂ ನಡೆಯಲಿಲ್ಲ.

ಐವರಲ್ಲಿ ಒಬ್ಬ

ಆಂತರಿಕ ವಿಚಾರಣೆಯಲ್ಲಿ ಐದೂ ಹೆಸರು ಹೊರಬಂದವು. ಆಮೇಲಿನ ತೀರ್ಮಾನಗಳನ್ನು ಗಮನಿಸಬೇಕು. ಗುತ್ತಿಗೆದಾರನ ಬಳಗದ ಇಬ್ಬರಿಂದ ಸದ್ದಿಲ್ಲದೆ ರಾಜೀನಾಮೆ ಬರೆಸಿಕೊಂಡರು. ಒಬ್ಬನನ್ನು ಬೇರೆ ಗೋದಾಮಿಗೆ ಕಳುಹಿಸಿದರು. ಹಿರಿಯ ಕೆಲಸಗಾರನಿಲ್ಲದೆ ಪಾಳಿ ನಡೆಯದು ಎಂದು ಅವನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಪುಸ್ತಕದಲ್ಲಿ ಕೈಬರಹವಿದ್ದದ್ದು ಯುವಕನದ್ದು. ದೂರು ಪೊಲೀಸರ ಬಳಿ ಹೋದದ್ದು ಅವನೊಬ್ಬನ ಮೇಲೆ.

ಸಾಕ್ಷ್ಯ ಇದ್ದದ್ದೇ ಅವನ ಮೇಲಲ್ಲವೇ ಎಂದು ಕೇಳಬಹುದು. ಕೇಳಬೇಕಾದದ್ದೇ. ಆದರೆ ಸಾಕ್ಷ್ಯ ಯಾರ ಮೇಲೆ ಉಳಿಯುತ್ತದೆ ಎಂಬುದೂ ಸ್ಥಾನಮಾನದ ಹಂಚಿಕೆಯಿಂದಲೇ ತೀರ್ಮಾನವಾಗುತ್ತದೆ: ಅನುಭವಿ ಬರೆಯುವುದಿಲ್ಲ, ಹೊಸಬನಿಂದ ಬರೆಸುತ್ತಾನೆ. ವಿಲಿಯಂ ಚಾಂಬ್ಲಿಸ್ 1973ರಲ್ಲಿ ಒಂದೇ ಶಾಲೆಯ ಎರಡು ಹುಡುಗರ ಗುಂಪುಗಳನ್ನು ಹೋಲಿಸಿದ್ದರು. ಅನುಕೂಲಸ್ಥ ಮನೆಗಳ ಎಂಟು ಹುಡುಗರ ಕಿಡಿಗೇಡಿತನವನ್ನು ಊರು ತುಂಟಾಟವೆಂದು ಕಂಡಿತು, ಬಡ ಮನೆಗಳ ಆರು ಹುಡುಗರಿಗೆ ಪುಂಡರೆಂಬ ಹೆಸರು ಬಂತು. ಬಹುಪಾಲು ಹುಡುಗರ ಮುಂದಿನ ಬದುಕು ಆಯಾ ಹೆಸರಿಗೆ ತಕ್ಕಂತೆಯೇ ಸಾಗಿತು. ಕೃತ್ಯದೊಳಗೆ ವಿಚಲನೆ (ಸಮಾಜದ ನಿಯಮದಿಂದ ಸರಿದ ನಡವಳಿಕೆ) ತಾನಾಗಿ ಇರುವುದಿಲ್ಲ, ಇತರರು ನಿಯಮವನ್ನು ಅನ್ವಯಿಸಿ ಹಣೆಪಟ್ಟಿ ಕಟ್ಟಿದಾಗ ಅದು ಹುಟ್ಟುತ್ತದೆ ಎಂದು ಹವರ್ಡ್ ಬೆಕರ್ 1963ರಲ್ಲಿ ವಾದಿಸಿದ್ದೂ ಇದೇ ನೆಲೆಯಲ್ಲಿ.

ಬಂಧನದ ಮರುದಿನ ಅವನ ಫೋಟೊ ಕೆಲಸಗಾರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂತು. ಅದರ ಕೆಳಗೆ ಛೀಮಾರಿ ಹಾಕಿದವರಲ್ಲಿ ಜಾಲರಿ ಕೋಣೆಯ ವಸ್ತುವನ್ನು ಒಮ್ಮೆಯಾದರೂ ಮನೆಗೊಯ್ದವರು ಇದ್ದರು. ಎಮಿಲ್ ಡರ್ಕೈಮ್ 1890ರ ದಶಕದಲ್ಲಿ ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ. ಅಪರಾಧವಿಲ್ಲದ ಸಮಾಜವಿಲ್ಲ, ಶಿಕ್ಷೆಯ ಮುಖ್ಯ ಪರಿಣಾಮ ಅಪರಾಧಿಯ ಮೇಲಾಗುವುದಕ್ಕಿಂತ ಉಳಿದವರ ಮೇಲಾಗುತ್ತದೆ, ಅವರನ್ನು ಅದು ಒಗ್ಗೂಡಿಸುತ್ತದೆ. ಒಬ್ಬನನ್ನು ಹೊರಗೆ ಹಾಕಿ ಉಳಿದವರು ಶುದ್ಧರಾದರು.

ಹಣೆಪಟ್ಟಿಯ ನಂತರ

ಜಾಮೀನಿನ ಮೇಲೆ ಬಂದವನಿಗೆ ಕೆಲಸ ಸಿಗಲಿಲ್ಲ. ಇದು ಅವನೊಬ್ಬನ ಅನುಭವವಲ್ಲ. ಡೀವಾ ಪೇಜರ್ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕೆಲಸದ ಅರ್ಜಿಗಳ ಮೂಲಕ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಾಧ ದಾಖಲೆಯಿಲ್ಲದ ಬಿಳಿಯ ಅಭ್ಯರ್ಥಿಗಳಲ್ಲಿ ಶೇ. 34ರಷ್ಟು ಮಂದಿಗೆ ಮರುಕರೆ ಬಂದರೆ ದಾಖಲೆಯಿದ್ದ ಬಿಳಿಯರಿಗೆ ಬಂದದ್ದು ಶೇ. 17, ಕಪ್ಪು ಅಭ್ಯರ್ಥಿಗಳಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 14 ಮತ್ತು ಶೇ. 5. ದಾಖಲೆಯಿದ್ದ ಬಿಳಿಯನಿಗಿಂತ ದಾಖಲೆಯಿಲ್ಲದ ಕಪ್ಪು ಅಭ್ಯರ್ಥಿಗೆ ಅವಕಾಶ ಕಡಿಮೆ ಎಂಬುದನ್ನು ಓದಿದಾಗ, ಹಣೆಪಟ್ಟಿ ಕಟ್ಟಿಸಿಕೊಳ್ಳಲು ಕೃತ್ಯವೇ ಬೇಕಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಬಾಗಿಲು ತೆರೆದದ್ದು ಹಳೆಯ ಫೋನುಗಳ ವ್ಯಾಪಾರಿಯೊಬ್ಬನೇ. ಮರ್ಟನ್ನರ ವಾದಕ್ಕೆ ರಿಚರ್ಡ್ ಕ್ಲೊವರ್ಡ್ ಮತ್ತು ಲಾಯ್ಡ್ ಓಲಿನ್ 1960ರಲ್ಲಿ ಸೇರಿಸಿದ ತಿದ್ದುಪಡಿ ಇಲ್ಲಿ ಕೈಹಿಡಿಯುತ್ತದೆ: ನ್ಯಾಯವಾದ ದಾರಿ ಮುಚ್ಚಿದ ಮಾತ್ರಕ್ಕೆ ಅನ್ಯಾಯದ ದಾರಿ ತಾನಾಗಿ ತೆರೆಯುವುದಿಲ್ಲ, ಅದಕ್ಕೂ ಪರಿಚಯ, ತರಬೇತಿ, ನಂಬಿಕೆ ಬೇಕು. ಗೋದಾಮಿನ ಪುಸ್ತಕ ಹೇಗೆ ನಡೆಯುತ್ತದೆಂದು ಬಲ್ಲವನು, ಪೊಲೀಸರ ಮುಂದೆ ವ್ಯಾಪಾರಿಯ ಹೆಸರು ಹೇಳದವನು ಎಂಬ ಎರಡು ಅರ್ಹತೆ ಅವನಿಗಿದ್ದವು. ಗೋದಾಮಿನಲ್ಲಿದ್ದಾಗ ತನ್ನನ್ನು ಕೆಲಸಗಾರನೆಂದೇ ಭಾವಿಸಿ ನಡುವೆ ಕದಿಯುತ್ತಿದ್ದವನು ಈಗ ಕದ್ದ ಮಾಲಿನ ವ್ಯವಹಾರವನ್ನೇ ಕೆಲಸವಾಗಿ ಮಾಡಿಕೊಂಡ. ಎಡ್ವಿನ್ ಲೆಮರ್ಟ್ 1951ರಲ್ಲಿ ಪ್ರಾಥಮಿಕ ಮತ್ತು ದ್ವಿತೀಯಕ ವಿಚಲನೆಯ ನಡುವೆ ಎಳೆದ ಗೆರೆ ಇದೇ: ಮೊದಲನೆಯದು ಬದುಕಿನ ಅಂಚಿನಲ್ಲಿರುತ್ತದೆ, ಎರಡನೆಯದು ಸಮಾಜದ ಪ್ರತಿಕ್ರಿಯೆಗೆ ಉತ್ತರವಾಗಿ ಹುಟ್ಟಿ ಬದುಕಿನ ನಡುವೆ ಬಂದು ಕೂರುತ್ತದೆ.

ಆಪ್ತಸಲಹೆಯಿಂದ ಕಾರ್ಯಾಗಾರದವರೆಗೆ

ಈ ಹಂತದಲ್ಲಿ ಪ್ರಕರಣ ಸಮಾಜ ಕಾರ್ಯಕರ್ತೆಯೊಬ್ಬರ ಬಳಿ ಬಂತು. ಮೊದಮೊದಲು ಅವರು ನಡೆಸಿದ್ದು ಆಪ್ತಸಲಹೆ: ಆಸೆಯ ಹತೋಟಿ, ನಿರ್ಧಾರಕ್ಕೆ ಮುನ್ನ ಯೋಚನೆ, ಪಶ್ಚಾತ್ತಾಪ. ಯುವಕ ತಪ್ಪದೆ ಬಂದ, ಹೇಳಿದ್ದಕ್ಕೆಲ್ಲ ತಲೆಯಾಡಿಸಿದ, ಅಲ್ಲಿಂದೆದ್ದು ನೇರವಾಗಿ ವ್ಯಾಪಾರಿಯ ಬಳಿಗೆ ಹೋದ. ಕಾರ್ಯಕರ್ತೆ ಪ್ರಶ್ನೆಯನ್ನೇ ಬದಲಾಯಿಸಿದರು. ಏಕೆ ಕದ್ದೆ ಎಂದು ಕೇಳುವುದನ್ನು ಬಿಟ್ಟು, ಬೆಳಿಗ್ಗೆಯಿಂದ ರಾತ್ರಿಯವರೆಗೆ ಯಾರ್ಯಾರ ಜೊತೆ ಮಾತಾಡಿದೆ ಎಂದು ಕಾಗದದ ಮೇಲೆ ಬರೆಸಿದರು. ಪಟ್ಟಿಯಲ್ಲಿ ತಾಯಿ ಮತ್ತು ತಂಗಿಯನ್ನು ಬಿಟ್ಟರೆ ಉಳಿದವರೆಲ್ಲ ಆ ವ್ಯವಹಾರದವರು. ಅವನನ್ನು ಹೆಸರು ಹಿಡಿದು ಕರೆಯುವವರು ಬೇರೆ ಯಾರೂ ಉಳಿದಿರಲಿಲ್ಲ.

ಟ್ರಾವಿಸ್ ಹಿರ್ಶಿ 1969ರಲ್ಲಿ ಪ್ರಶ್ನೆಯನ್ನು ತಲೆಕೆಳಗು ಮಾಡಿದ್ದರು: ಜನ ಏಕೆ ನಿಯಮ ಮುರಿಯುತ್ತಾರೆ ಎಂದಲ್ಲ, ಏಕೆ ಮುರಿಯುವುದಿಲ್ಲ ಎಂದು ಕೇಳಬೇಕು. ಪ್ರೀತಿಪಾತ್ರರ ಮೇಲಿನ ಅಕ್ಕರೆ, ಕಳೆದುಕೊಳ್ಳಲು ಏನಾದರೂ ಇರುವುದು, ಕೆಲಸದಲ್ಲಿ ತೊಡಗಿರುವುದು, ನಿಯಮದಲ್ಲಿ ನಂಬಿಕೆ ಎಂಬ ನಾಲ್ಕು ಬಂಧಗಳು ಅವರ ಉತ್ತರ. ಕಾರ್ಯಕರ್ತೆ ಆ ಬಂಧಗಳನ್ನು ಒಂದೊಂದಾಗಿ ಮತ್ತೆ ಕಟ್ಟಲು ಹೊರಟರು. ಮೊದಲ ಹೆಜ್ಜೆ ಸಾಲದ ವಿಷಯವನ್ನು ಮನೆಯಲ್ಲಿ ಹೇಳಿಸುವುದು. ಯುವಕ ಇದನ್ನು ಬಹಳ ದಿನ ತಳ್ಳಿಹಾಕಿದ. ಬಂಧನಕ್ಕಿಂತ ಇದು ಅವನಿಗೆ ಕಷ್ಟವಾಗಿತ್ತು. "ಮೊದಲೇ ಹೇಳಿದ್ರೆ ನಾನು ಒಂದು ವರ್ಷ ಕಾಲೇಜು ಬಿಟ್ಟು ದುಡೀತಿದ್ದೆನಲ್ಲ ಅಣ್ಣಾ" ಎಂದಳು ತಂಗಿ. ಅವನು ಹೇಳದೇ ಇದ್ದದ್ದು ಆ ಮಾತಿಗೆ ಹೆದರಿಯೇ. ಅದೇನೇ ಇರಲಿ, ಕ್ರೆಸಿ ಹೇಳಿದ ಹೇಳಿಕೊಳ್ಳಲಾಗದ ತೊಂದರೆ ಅಂದಿಗೆ ಮೂವರು ಕುಳಿತು ಲೆಕ್ಕ ಹಾಕುವ ತೊಂದರೆಯಾಯಿತು.

ಎರಡನೆಯದು ಕೆಲಸ. ಶೀತಲ ಯಂತ್ರಗಳನ್ನು ದುರಸ್ತಿ ಮಾಡುವ ಕಾರ್ಯಾಗಾರದ ಒಡೆಯರೊಬ್ಬರಿಗೆ ಪ್ರಕರಣವನ್ನು ಮುಚ್ಚಿಡದೆ ತಿಳಿಸಿ ಕೆಲಸ ಕೇಳಲಾಯಿತು. ಮುಚ್ಚಿಟ್ಟು ಸೇರಿಸಿದ್ದರೆ ಅವನು ಪ್ರತಿದಿನ ಬಯಲಾಗುವ ಭಯದಲ್ಲೇ ಇರಬೇಕಾಗುತ್ತಿತ್ತು. ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ 1993ರಲ್ಲಿ, ಬಾಸ್ಟನ್ನಿನ 500 ಬಾಲಾಪರಾಧಿಗಳ ಮತ್ತು 500 ಇತರ ಹುಡುಗರ ಹಳೆಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿ, ಸ್ಥಿರವಾದ ಉದ್ಯೋಗ ಮತ್ತು ಗಟ್ಟಿಯಾದ ದಾಂಪತ್ಯ ಅಪರಾಧದ ಹಾದಿಯಿಂದ ಹೊರಬರುವ ತಿರುವುಗಳಾಗುತ್ತವೆ ಎಂದು ತೋರಿಸಿದ್ದರು.

ಇಲ್ಲಿಗೆ ಎಲ್ಲವೂ ಸರಿಹೋಯಿತು ಎಂದು ಬರೆಯುವಂತಿಲ್ಲ. ಕೆಲವು ತಿಂಗಳ ನಂತರ ಯುವಕ ಹಳೆಯ ಯಂತ್ರದಿಂದ ಬಿಚ್ಚಿದ ತಾಮ್ರದ ಕೊಳವೆಗಳನ್ನು ಗುಟ್ಟಾಗಿ ಮಾರಿದ. ಒಡೆಯರಿಗೆ ಗೊತ್ತಾಯಿತು. ಅವರು ಅವನನ್ನು ಒಳಗೆ ಕರೆದು, ಕೊಳವೆಯ ಬೆಲೆಯನ್ನು ಸಂಬಳದಿಂದ ಎರಡು ಕಂತಿನಲ್ಲಿ ಮುರಿದುಕೊಳ್ಳುವುದಾಗಿ ಹೇಳಿ, ಮರುದಿನ ಎಂದಿನಂತೆ ಕೆಲಸಕ್ಕೆ ಬರಲು ತಿಳಿಸಿದರು. ಇತರ ಕೆಲಸಗಾರರಿಗೆ ವಿಷಯ ತಿಳಿಯಲಿಲ್ಲ. ಗೋದಾಮಿನ ಕೃತ್ಯಕ್ಕೂ ಇದಕ್ಕೂ ಸ್ವರೂಪದಲ್ಲಿ ವ್ಯತ್ಯಾಸ ಕಡಿಮೆ, ಎದುರಾದ ಪ್ರತಿಕ್ರಿಯೆ ಮಾತ್ರ ಸಂಪೂರ್ಣ ಬೇರೆ. ಜಾನ್ ಬ್ರೈತ್‌ವೈಟ್ 1989ರಲ್ಲಿ ಮಾಡಿದ ವಿಂಗಡಣೆ, ಅಂದರೆ ಹೊರಗೆ ತಳ್ಳುವ ಅವಮಾನ ಬೇರೆ, ತಪ್ಪನ್ನು ತಪ್ಪೆಂದೇ ಹೇಳಿ ಒಳಗೆ ಉಳಿಸಿಕೊಳ್ಳುವ ಅವಮಾನ ಬೇರೆ ಎಂಬುದು ಇಷ್ಟು ನಿಚ್ಚಳವಾಗಿ ಒಬ್ಬನದೇ ಬದುಕಿನಲ್ಲಿ ಕಾಣಸಿಗುವುದು ಅಪರೂಪ. ಒಡೆಯರು ಆ ಸಿದ್ಧಾಂತವನ್ನು ಓದಿದವರಲ್ಲ. ಒಳ್ಳೆಯ ಕೆಲಸಗಾರನನ್ನು ಬಿಡಲು ಮನಸ್ಸಿರಲಿಲ್ಲ ಎಂದಷ್ಟೇ ಅವರು ಹೇಳಿದ್ದು.

ಫಲಿತಾಂಶ ಮತ್ತು ಅದರ ಓದು

ಈ ಬರಹದ ಹೊತ್ತಿಗೆ ಯುವಕ ಕಾರ್ಯಾಗಾರದಲ್ಲೇ ಇದ್ದಾನೆ, ಮೊಕದ್ದಮೆ ಇನ್ನೂ ಮುಗಿದಿಲ್ಲ. ಗೋದಾಮಿನ ಹೊಸ ವ್ಯವಸ್ಥಾಪಕಿ ಒಡೆದ ಮಾಲನ್ನು ಕೆಲಸಗಾರರಿಗೇ ಬಹಿರಂಗವಾಗಿ ಕಡಿಮೆ ಬೆಲೆಗೆ ಮಾರುವ ಕ್ರಮ ತಂದರು, ಡ್ಯಾಮೇಜ್ ಪುಸ್ತಕಕ್ಕೆ ಬೇರೆ ಬೇರೆ ಪಾಳಿಯ ಇಬ್ಬರ ಸಹಿ ಕಡ್ಡಾಯಗೊಳಿಸಿದರು, ತಪಾಸಣೆಯನ್ನು ಕಾಯಂ ನೌಕರರಿಗೂ ಅನ್ವಯಿಸಿದರು. ಆರಂಭದಲ್ಲಿ ಪುಸ್ತಕದ ನಮೂದುಗಳು ಏರಿದವು, ಮೇಲಧಿಕಾರಿಗಳು ಗಾಬರಿಗೊಂಡು ಹೊಸ ಕ್ರಮವನ್ನೇ ನಿಲ್ಲಿಸಲು ಹೊರಟಿದ್ದರು. ಏರಿದ್ದು ಹಾನಿಯಲ್ಲ, ಹಾನಿಯನ್ನು ಬರೆಯುವ ಪ್ರಾಮಾಣಿಕತೆ ಎಂದು ಅವರಿಗೆ ಮನವರಿಕೆ ಮಾಡಲು ವ್ಯವಸ್ಥಾಪಕಿ ಬಹಳ ಶ್ರಮಪಡಬೇಕಾಯಿತು. ಅಧಿಕೃತ ಅಂಕಿಅಂಶಗಳು ಅಪರಾಧವನ್ನು ಅಳೆಯುವುದಕ್ಕಿಂತ ಅವನ್ನು ದಾಖಲಿಸುವ ಸಂಸ್ಥೆಯ ನಡವಳಿಕೆಯನ್ನು ಅಳೆಯುತ್ತವೆ ಎಂದು ಜಾನ್ ಕಿಟ್ಸುಸೆ ಮತ್ತು ಆರನ್ ಸಿಕೊರೆಲ್ 1963ರಲ್ಲಿ ವಾದಿಸಿದ್ದನ್ನು ಇಂಥ ಸಂದರ್ಭದಲ್ಲಿ ನೆನಪಿಟ್ಟುಕೊಳ್ಳದಿದ್ದರೆ ಒಳ್ಳೆಯ ಕ್ರಮವೊಂದು ತನ್ನ ಯಶಸ್ಸಿನಿಂದಲೇ ಸೋಲಬಹುದು.

ಇದೇ ಬಗೆಯ ಪ್ರಕರಣವನ್ನು ಕೈಗೆತ್ತಿಕೊಳ್ಳುವವರು ಮೊದಲು ತಮ್ಮನ್ನು ಕೇಳಿಕೊಳ್ಳಬೇಕಾದದ್ದು, ವ್ಯಕ್ತಿ ಈಗ ಯಾವ ಹಂತದಲ್ಲಿದ್ದಾನೆ ಎಂಬುದನ್ನು. ಲಾಕರಿನಲ್ಲಿ ಡಬ್ಬಿ ಕಂಡ ರಾತ್ರಿ ಕ್ಯಾಮೆರಾ ಏನನ್ನೂ ತಡೆಯುತ್ತಿರಲಿಲ್ಲ; ಅಂದು ಬೇಕಾಗಿದ್ದದ್ದು ಹೊಸಬನನ್ನು ಬೇರೆ ಜೋಡಿಯೊಂದಿಗೆ ನಿಲ್ಲಿಸುವ ಪಾಳಿಪಟ್ಟಿ. ಪುಸ್ತಕ ಕೈಗೆ ಬಂದಾಗ ಎರಡನೆಯ ಸಹಿಯೊಂದು ಸಾಕಾಗುತ್ತಿತ್ತು. ಹಣೆಪಟ್ಟಿ ಬಿದ್ದ ಮೇಲೆ ಆ ಎರಡರಿಂದಲೂ ಪ್ರಯೋಜನವಿರಲಿಲ್ಲ.

ಒಂದು ಸಂಗತಿಯನ್ನು ಈ ಅಧ್ಯಯನ ಅರ್ಧದಲ್ಲೇ ಬಿಡಬೇಕಾಗಿದೆ. ಅದೇ ಬೆಲ್ಟಿನಲ್ಲಿ, ಅದೇ ಹಿರಿಯನ ಪಕ್ಕದಲ್ಲಿ, ಯುವಕನಷ್ಟೇ ಸಾಲ ಹೊತ್ತು ನಿಂತಿದ್ದ ಇನ್ನೊಬ್ಬನಿದ್ದ. ಅವನ ಲಾಕರಿನಲ್ಲೂ ಡಬ್ಬಿ ಬಂದಿತ್ತು, ಅವನು ಅದನ್ನು ಹಿಂದಕ್ಕಿಟ್ಟಿದ್ದ. ಏಕೆ ಎಂದು ಕೇಳಿದರೆ, ಪಾಳಿ ಮುಗಿದ ಮೇಲೆ ತಾನು ಪಕ್ಕದ ಮನೆಯವರ ಬೈಕಿನಲ್ಲಿ ಹೋಗುವುದು, ಚೀಲದಲ್ಲೇನು ಎಂದು ಅವರು ಕೇಳದೆ ಬಿಡುವವರಲ್ಲ ಎಂದ. ಇದನ್ನು ಹಿರ್ಶಿಯವರ ಬಂಧವೆನ್ನಬಹುದು, ಸದರ್‌ಲ್ಯಾಂಡ್ ಅವರ ಸಹವಾಸವೆನ್ನಬಹುದು, ಆಕಸ್ಮಿಕವೆಂದೂ ಹೇಳಬಹುದು. ಮೂರರಲ್ಲಿ ಯಾವುದೆಂದು ತೀರ್ಮಾನಿಸಲು ಅವನಂಥ ಹಲವರೊಂದಿಗೆ ಮಾತಾಡಬೇಕಿತ್ತು. ಗೋದಾಮಿನ ವಿಚಾರಣೆ ಕದ್ದವರನ್ನಷ್ಟೇ ಕರೆದಿತ್ತು, ಕದಿಯದವರ ಹೇಳಿಕೆ ಕಡತದಲ್ಲಿ ಇಲ್ಲ.